ಎರೆ ನೆಲದ ತೀರ್ಪು

1787ರ ಏಪ್ರಿಲ್‌ನಲ್ಲಿ ಗಜೇಂದ್ರಗಡದಲ್ಲಿ ಒಂದು ಒಪ್ಪಂದವಾಯಿತು. ಟಿಪ್ಪು ಸುಲ್ತಾನ ಮತ್ತು ಮರಾಠರ ನಡುವಿನ ಆ ಕರಾರಿನಂತೆ ಬಾದಾಮಿ, ಕಿತ್ತೂರು, ನರಗುಂದಗಳು ಮರಾಠರ ಪಾಲಾದವು. ಎರಡು ವರ್ಷ ಮುಂಚೆ ಇದೇ ನರಗುಂದದ ಕೋಟೆಗೆ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿ ಗೆದ್ದಿತ್ತು. ಮುಂದೆ 1858ರಲ್ಲಿ ನರಗುಂದದ ಭಾಸ್ಕರರಾವ್ ಭಾವೆ, ಜನ ಇಂದಿಗೂ ಬಾಬಾಸಾಹೇಬನೆಂದು ನೆನೆಯುವ ಅರಸ, ಕಂಪನಿಯ ವಿರುದ್ಧ ಸಿಡಿದೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಊರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಈ ಯಾವ ಹೊತ್ತಿನಲ್ಲೂ ಎತ್ತು ಹೂಡುವವನನ್ನು ಯಾರೂ ಕೇಳಲಿಲ್ಲ. ಅವನನ್ನು ಕೇಳುವ ಕಾಲ ಬಂದದ್ದು 1952ರ ಮತಪೆಟ್ಟಿಗೆಯೊಂದಿಗೆ. ಅವನ ಉತ್ತರ ಸರ್ಕಾರವನ್ನೇ ಅಲುಗಿಸಬಲ್ಲದೆಂದು ನಾಡಿಗೆ ಗೊತ್ತಾಗಲು ಇನ್ನೂ ಮೂರು ದಶಕ ಬೇಕಾಯಿತು.

1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 27 ಇಂದಿರಾ ಕಾಂಗ್ರೆಸ್ಸಿಗೆ ಬಂದವು. ಇಂದಿರೆಯಿಂದ ದೂರವಾಗಿದ್ದ ಅಂದಿನ ಮುಖ್ಯಮಂತ್ರಿ ದೇವರಾಜ ಅರಸರನ್ನು ಅವರ ಶಾಸಕರೇ ಬಿಟ್ಟುಹೋದರು. ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಅಷ್ಟು ದೊಡ್ಡ ಗೆಲುವಿನ ಮೇಲೆ ಕುಳಿತ ಸರ್ಕಾರಕ್ಕೆ ಜನರ ಮನಸ್ಸು ಅಳೆಯುವ ಅಗತ್ಯ ಕಾಣಲಿಲ್ಲ. ಚುನಾವಣಾ ಸಮೀಕ್ಷೆಗಳು ನಮ್ಮ ದೇಶದಲ್ಲಿ ಆಗಿನ್ನೂ ಹೊಸತು. ರೋಣದ ಸಂತೆಯಲ್ಲಿ, ಹೊಳೆಆಲೂರಿನ ಚಹಾದಂಗಡಿಯಲ್ಲಿ ಜನ ಏನು ಮಾತಾಡುತ್ತಿದ್ದಾರೆಂಬುದು ವಿಧಾನಸೌಧದವರೆಗೆ ಮುಟ್ಟುವ ದಾರಿ ಇರಲಿಲ್ಲ.

ಮಾತಾಡುತ್ತಿದ್ದದ್ದು ನೀರಿನ ಬಗ್ಗೆ. ಸವದತ್ತಿ ಸೀಮೆಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ 37.73 ಟಿಎಂಸಿ ನೀರು ನಿಲ್ಲುವ ರೇಣುಕಾಸಾಗರವನ್ನು ಮಾಡಿದಾಗ ನವಲಗುಂದ, ನರಗುಂದ, ರೋಣದ ಎರೆ ಹೊಲಗಳು ಹಸಿರಾಗುತ್ತವೆಂದು ಎಲ್ಲರೂ ನಂಬಿದ್ದರು. ಕಾಲುವೆಯ ತಲೆಯಲ್ಲಿದ್ದವರ ಹೊಲದಲ್ಲಿ ನೀರು ನಿಂತು ಸವಳು-ಜವಳಾಯಿತು. ಬಾಲದಲ್ಲಿದ್ದವರು ಒಣ ಕಾಲುವೆ ನೋಡುತ್ತ ಕುಳಿತರು. ವರಲಕ್ಷ್ಮಿ ಹತ್ತಿ ನೆಚ್ಚಿ ಗೊಬ್ಬರ, ಔಷಧಿಗೆ ಸಾಲ ಮಾಡಿದವರಿಗೆ ಹತ್ತಿಯ ಧಾರಣೆ ಕುಸಿದದ್ದು ಬರೆ ಎಳೆದಂತಾಯಿತು. ಇಂಥ ಹೊತ್ತಿಗೆ ನೀರಿನ ಕರದ ಬಾಕಿಯ ಜೊತೆಗೆ ಅಭಿವೃದ್ಧಿ ಕರವೂ ಬಂತು. ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರಿದೆ, ಅದರಲ್ಲಿ ಸರ್ಕಾರದ ಪಾಲು ಕೊಡಿ ಎಂಬುದು ಅದರ ತರ್ಕ. ನೀರೇ ಕಾಣದವನಿಗೂ ಅದೇ ತರ್ಕ!

ಇಲ್ಲೊಂದು ಮಾತು ಹೇಳಲೇಬೇಕು. ಇದೇ ಜನ ಕಾಂಗ್ರೆಸ್ಸನ್ನು ಎದೆಗೆ ಅಪ್ಪಿಕೊಂಡಿದ್ದವರು. ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ ಎಷ್ಟೋ ಗೇಣಿದಾರರ ಹೆಸರು ಮೊದಲ ಬಾರಿಗೆ ಉತಾರದಲ್ಲಿ ಬಂದಿತ್ತು. ಹೆಸರು ಬಂದ ಮೇಲೆ ಕರದ ನೋಟಿಸೂ ಅದೇ ಹೆಸರಿಗೆ ಬಂತು. ಅವರು ತಿರುಗಿಬಿದ್ದದ್ದನ್ನು ಕೃತಘ್ನತೆ ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಭೂಮಿಯ ಒಡೆಯನಾದವನು ಮಾತ್ರ ಭೂಮಿಯ ಲೆಕ್ಕ ಕೇಳಬಲ್ಲ.

ಮಲಪ್ರಭಾ ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡರು, ಮನವಿ ಕೊಟ್ಟರು, ಧರಣಿ ಕುಳಿತರು. ಕೊನೆಗೆ 1980ರ ಜುಲೈ 21ರಂದು ಬಂದ್‌ಗೆ ಕರೆ ಕೊಟ್ಟರು. ಅಂದು ನರಗುಂದದಲ್ಲಿ ತಹಶೀಲ್ದಾರ ಕಚೇರಿಯ ಮುಂದೆ ಸೇರಿದ ಜನಸ್ತೋಮದ ಮೇಲೆ ಪೊಲೀಸರ ಗುಂಡು ಹಾರಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಿದ್ದ. ಅದೇ ದಿನ ನವಲಗುಂದ ತಾಲೂಕಿನ ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದ. ನರಗುಂದದಲ್ಲಿ ಉದ್ರಿಕ್ತರ ಕೈಗೆ ಸಿಕ್ಕ ಪೊಲೀಸರೂ ಪ್ರಾಣ ಕಳೆದುಕೊಂಡರು. ಅವರ ಮನೆಗಳಲ್ಲೂ ಆ ರಾತ್ರಿ ಒಲೆ ಹೊತ್ತಲಿಲ್ಲ. ಬಂಡಾಯದ ಕಥೆ ಹೇಳುವವರು ಅದನ್ನು ಬಿಟ್ಟು ಹೇಳಬಾರದು.

ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು. ಸರ್ಕಾರ ಕರ ವಸೂಲಿ ತಡೆದು ರಿಯಾಯಿತಿಗಳನ್ನು ಸಾರಿತು. ಅತ್ತ ಶಿವಮೊಗ್ಗ ಸೀಮೆಯಿಂದ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಮೊದಲಾದವರು ಎದ್ದರು, ಎಂ.ಡಿ. ನಂಜುಂಡಸ್ವಾಮಿ ಜೊತೆಗೂಡಿದರು, ರಾಜ್ಯ ರೈತ ಸಂಘ ಹಸಿರು ಶಾಲು ಹೊದ್ದು ನಿಂತಿತು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟವು. ಹೊರಡುವ ಜಾಗವಾಗಿ ಆ ಪುಟ್ಟ ಊರನ್ನು ಆರಿಸಿದ್ದೇ ಗಾಳಿ ಯಾವ ಕಡೆ ತಿರುಗಿದೆ ಎಂಬುದನ್ನು ಸಾರಿ ಹೇಳುತ್ತಿತ್ತು. ಮರುವರ್ಷ ಕನ್ನಡ ಭಾಷೆಗಾಗಿ ನಡೆದ ಗೋಕಾಕ್ ಚಳವಳಿಯೂ ಸೇರಿಕೊಂಡಿತು.

ನರಗುಂದದ ಬಂಡಾಯಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1880ರಲ್ಲಿ, ಐರ್ಲೆಂಡಿನ ಮೇಯೊ ಕೌಂಟಿಯ ಗೇಣಿದಾರರು ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನು ಕಾರಭಾರಿಯ ಹೊಲಕ್ಕೆ ಕೂಲಿಗೂ ಹೋಗದೆ ಅವನನ್ನು ಒಂಟಿಯಾಗಿಸಿದ್ದರು. ಮೈಕೆಲ್ ಡೇವಿಟ್ ಕಟ್ಟಿದ ಲ್ಯಾಂಡ್ ಲೀಗ್‌ನ ಆ ಹೋರಾಟದ ಫಲವನ್ನು 1885ರ ಚುನಾವಣೆಯಲ್ಲಿ ಐರಿಷ್ ನಾಯಕ ಪಾರ್ನೆಲ್ ಅವರ ಪಕ್ಷ ಉಂಡಿತು. ಐರ್ಲೆಂಡಿನಲ್ಲೇ ಅದಕ್ಕೆ 85 ಸ್ಥಾನ ಬಂದವು. ಹೊಲದಲ್ಲಿ ಕಡಿದುಹೋದ ನಂಬಿಕೆ ಮತಪತ್ರದವರೆಗೆ ಬರಲು ಅಲ್ಲಿ ಐದು ವರ್ಷ ಹಿಡಿಯಿತು. ಇಲ್ಲಿ ಅಷ್ಟೂ ಹಿಡಿಯಲಿಲ್ಲ.

1983ರ ಜನವರಿ 5, ವಿಧಾನಸಭಾ ಚುನಾವಣೆಯ ದಿನ. ಹಿಂಗಾರಿ ಜೋಳ, ಕಡಲೆ ಹೊಲದಲ್ಲಿರುವ ಕಾಲ. ಮತಪತ್ರದ ಮೇಲೆ ಜನತಾ ಪಕ್ಷದ ಗುರುತಾಗಿದ್ದದ್ದು ಚಕ್ರದೊಳಗೆ ನಿಂತ ನೇಗಿಲು ಹೊತ್ತ ರೈತ. ಗುಂಡು ತಿಂದ ಸೀಮೆಯ ಮತದಾರ ಆ ಚಿತ್ರವನ್ನು ನೋಡುತ್ತ ಮುದ್ರೆ ಹಿಡಿದು ನಿಂತದ್ದನ್ನು ಕಲ್ಪಿಸಿಕೊಂಡರೆ ಸಾಕು, ಪ್ರಚಾರದ ಭಾಷಣ ಯಾವುದೂ ಬೇಕಿರಲಿಲ್ಲ ಅನಿಸುತ್ತದೆ. ರಾಜ್ಯದ 224 ಸ್ಥಾನಗಳಲ್ಲಿ ಜನತಾ 95, ಕಾಂಗ್ರೆಸ್ 82, ಬಿಜೆಪಿ 18. ಸ್ವತಃ ಗುಂಡೂರಾವ್ ಸೋಮವಾರಪೇಟೆಯಲ್ಲಿ ಸೋತರು. ಜನವರಿ 10ರಂದು ರಾಮಕೃಷ್ಣ ಹೆಗಡೆ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಎಲ್ಲ ಕಡೆಯ ಚಿಂತೆ ಕರದ್ದೇ ಆಗಿರಲಿಲ್ಲ. ಗಜೇಂದ್ರಗಡದ ಗುಡ್ಡದ ಸೀಮೆಗೆ ಮಲಪ್ರಭೆಯ ಕಾಲುವೆ ಇರಲಿಲ್ಲ. ಅಲ್ಲಿನ ಮಗ್ಗದವರಿಗೂ ಮಳೆ ನಂಬಿದ ಒಕ್ಕಲಿಗರಿಗೂ ಅಭಿವೃದ್ಧಿ ಕರ ನೇರವಾಗಿ ತಟ್ಟಿರಲಿಲ್ಲ. ಅವರ ಚಿಂತೆ ಕುಡಿಯುವ ನೀರಿನದು. ಹೊಸ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಆದದ್ದು ಇಂಥ ಒಣ ಸೀಮೆಯ ಹೆಂಗಸರಿಗೆ ಬೇರೆಲ್ಲ ಘೋಷಣೆಗಿಂತ ದೊಡ್ಡದಾಗಿ ಕಂಡಿತು. ಕೊಡ ಹೊತ್ತು ಮೈಲುಗಟ್ಟಲೆ ನಡೆದವಳಿಗೆ ಊರ ನಡುವಿನ ಕೈಪಂಪು ಎಂದರೆ ಏನೆಂದು ಪಕ್ಷದ ಕಚೇರಿಯಲ್ಲಿ ಕುಳಿತವರು ಊಹಿಸಲಾರರು.

1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯಾಯಿತು. ಆ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ. ಜನ ತಮ್ಮನ್ನು ಕೈಬಿಟ್ಟರೆಂದು ಹೆಗಡೆ ರಾಜೀನಾಮೆ ಕೊಟ್ಟು ಹೊಸ ಜನಾದೇಶ ಬೇಡಿದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು, ಕಾಂಗ್ರೆಸ್ಸನ್ನು 65ಕ್ಕೆ ಇಳಿಸಿದರು. ಮೂರು ತಿಂಗಳೊಳಗೆ ಎರಡು ತೀರ್ಪು! ದಿಲ್ಲಿಯಲ್ಲಿ ಯಾರಿರಬೇಕು, ಬೆಂಗಳೂರಿನಲ್ಲಿ ಯಾರಿರಬೇಕು ಎಂಬುದನ್ನು ಓದುಬರಹ ಬಾರದವರೂ ಬೇರೆ ಬೇರೆ ತೂಗಿ ನೋಡಿದ್ದರು. ಒಲವು ಬದಲಾದಾಗಲೆಲ್ಲ ಜನರಿಗೆ ಚಂಚಲರೆಂಬ ಹಣೆಪಟ್ಟಿ ಅಂಟಿಸುವುದು ಸುಲಭ. ಆ ಎರಡು ಎಣಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಹಾಗೆ ಹೇಳಲಾರರು.

ಜನತಾ ಪರಿವಾರವೂ ಪಾಠ ಕಲಿಯಬೇಕಾಯಿತು. ಒಳಜಗಳದಲ್ಲಿ ಮೈಮರೆತಿದ್ದ ಅದನ್ನು ಕೈಬಿಟ್ಟ ಜನ 1989ರಲ್ಲಿ ಕಾಂಗ್ರೆಸ್ಸಿಗೆ 178 ಸ್ಥಾನ ಕೊಟ್ಟರು. ರೋಣ ಕ್ಷೇತ್ರದಲ್ಲಿ ಗೆದ್ದವರನ್ನು ಬದಲಿಸುವ ಈ ರೂಢಿ ಇಂದಿಗೂ ನಿಂತಿಲ್ಲ: 2013ರಲ್ಲಿ ಕಾಂಗ್ರೆಸ್ಸಿನ ಜಿ.ಎಸ್. ಪಾಟೀಲ, 2018ರಲ್ಲಿ ಬಿಜೆಪಿಯ ಕಳಕಪ್ಪ ಬಂಡಿ, 2023ರಲ್ಲಿ ಮತ್ತೆ ಪಾಟೀಲ. ನರಗುಂದದಲ್ಲಿ 2015ರ ಜುಲೈನಲ್ಲಿ ಕಳಸಾ-ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿರೆಂದು ರೈತರು ಧರಣಿ ಕುಳಿತು ವರ್ಷಗಟ್ಟಲೆ ಏಳಲಿಲ್ಲ. ಪ್ರತಿ ಜುಲೈ 21ರಂದು ಹುತಾತ್ಮರ ವೀರಗಲ್ಲಿಗೆ ಮಾಲೆ ಹಾಕಲು ನಾಯಕರು ಬರುತ್ತಾರೆ. ಮಲಪ್ರಭೆಗೆ ನೀರು ಯಾವಾಗ ತರುತ್ತೀರಿ ಎಂದು ರೈತರು ಅವರನ್ನು ಕೇಳುತ್ತಲೇ ಇದ್ದಾರೆ.