ಹಲಗೆಯಲ್ಲಿ ಬರೆದ ಕಾಯಿದೆ

ಪರಂಪರೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರಾದ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಕಲ್ಲು. ಬಾದಾಮಿ, ಬೇಲೂರು, ಹಂಪಿ, ಗೋಳಗುಮ್ಮಟ ಎಲ್ಲವೂ ಕಲ್ಲಿನವು. ಎಲ್ಲವೂ ಅರಸರ ಇಲ್ಲವೇ ದೇವರ ಹೆಸರಿನವು. ಆ ಕಲ್ಲುಗಳನ್ನು ಹೊತ್ತವರು ಇರುಳು ಎಲ್ಲಿ ಮಲಗುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರ ಹೇಳುವ ಸೂರು ಹೆಚ್ಚುಕಡಿಮೆ ಒಂದೂ ಉಳಿದಿಲ್ಲ. ದುಡಿಯುವವರ ಮನೆಗಳು ಮಣ್ಣು, ಹುಲ್ಲು, ಮರಗಳವು. ಅವು ಮಳೆಗೆ ಕರಗುತ್ತವೆ, ಗೆದ್ದಲಿಗೆ ಆಹಾರವಾಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಅವುಗಳನ್ನು ಉಳಿಸಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಈ ಹಿನ್ನೆಲೆಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪರಂಪರೆ ಪಟ್ಟಿಯಲ್ಲಿರುವ ಒಂದು ಚಿಕ್ಕ ಮರದ ಮನೆ ನಮ್ಮ ಗಮನಕ್ಕೆ ಅರ್ಹವಾಗಿದೆ. ಬ್ರಿಸ್ಬೇನ್ ನಗರದ ನಂಡಾ ಎಂಬ ಬಡಾವಣೆಯಲ್ಲಿರುವ ಆ ಮನೆಯನ್ನು ಕಟ್ಟಿದ್ದು 1910ರಲ್ಲಿ. ಅದರ ಹೆಸರು 'ವರ್ಕರ್ಸ್ ಡ್ವೆಲಿಂಗ್ ನಂಬರ್ 1', ಎಂದರೆ ಕೆಲಸಗಾರರ ಮನೆ, ಸಂಖ್ಯೆ ಒಂದು. ಅಲ್ಲಿ ಯಾವ ಒಪ್ಪಂದಕ್ಕೂ ಸಹಿ ಬೀಳಲಿಲ್ಲ, ಯಾವ ಮಹಾಪುರುಷನೂ ಹುಟ್ಟಲಿಲ್ಲ. ಅದರ ಮಹತ್ವವೆಲ್ಲ ಆ ಸಂಖ್ಯೆಯಲ್ಲಿ ಅಡಗಿದೆ.

1909ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಕೆಲಸಗಾರರ ವಸತಿ ಕಾಯಿದೆಯನ್ನು ಜಾರಿಗೆ ತಂದಿತು. ಆಗ ಪ್ರೀಮಿಯರ್ ಆಗಿದ್ದವನು ವಿಲಿಯಂ ಕಿಡ್‌ಸ್ಟನ್. ಸ್ಕಾಟ್ಲೆಂಡಿನಿಂದ ವಲಸೆ ಬಂದ ಈತ ಒಂದು ಕಾಲಕ್ಕೆ ಸ್ವತಃ ಕಬ್ಬಿಣದ ಎರಕದ ಕೆಲಸಗಾರ. ಸ್ವಂತ ನಿವೇಶನವಿದ್ದು, ವರ್ಷದ ವರಮಾನ 200 ಪೌಂಡಿಗಿಂತ ಕಡಿಮೆ ಇದ್ದವನಿಗೆ ಮನೆ ಕಟ್ಟಿಕೊಳ್ಳಲು ಸರ್ಕಾರವೇ ಸಾಲ ಕೊಡುವುದು ಆ ಕಾಯಿದೆಯ ತಿರುಳು. ಮನೆಯ ನಕ್ಷೆಗಳನ್ನೂ ಸರ್ಕಾರದ ಮಂಡಳಿಯೇ ಒದಗಿಸುತ್ತಿತ್ತು. ಬಾಡಿಗೆಯ ಕೋಣೆಯಲ್ಲಿ ಬಾಳು ಸವೆಸಬೇಕಾಗಿದ್ದ ಕೂಲಿಕಾರನನ್ನು ಮನೆಯ ಯಜಮಾನನನ್ನಾಗಿ ಮಾಡುವುದು ಪ್ರಭುತ್ವದ ಕರ್ತವ್ಯ ಎಂಬ ಅಂದಿನ ಹೊಸ ವಿಚಾರ ಮೊತ್ತಮೊದಲು ಆಕಾರ ತಳೆದದ್ದು ನಂಡಾದ ಆ ಮನೆಯಲ್ಲಿ. ಕಾಯಿದೆಯ ಪ್ರತಿ ಗ್ರಂಥಾಲಯದಲ್ಲಿ ದೊರೆಯುತ್ತದೆ, ನಿಜ. ಆದರೆ 200 ಪೌಂಡಿನೊಳಗಿನ ಮನುಷ್ಯನ ಪಾಲಿಗೆ ಎಷ್ಟು ಅಗಲದ ಕೋಣೆ ಬಂತು, ಅವನ ಅಡುಗೆಮನೆಗೆ ಬೆಳಕು ಎತ್ತಣಿಂದ ಬೀಳುತ್ತಿತ್ತು ಎಂಬುದನ್ನು ಗ್ರಂಥಾಲಯ ಹೇಳಲಾರದು, ಮನೆಯೇ ಹೇಳಬೇಕು.

ಈ ಬಗೆಯ ಮನೆಗಳನ್ನು ಓದುವುದು ಕಷ್ಟವಲ್ಲ. ನೆಲದಿಂದ ಮೇಲೆತ್ತಿದ ಮರದ ಮೋಟುಗಂಬಗಳ ಮೇಲೆ ಮನೆ ನಿಂತಿರುತ್ತದೆ. ಪ್ರತಿ ಕಂಬದ ತಲೆಗೂ ತಗಡಿನ ಟೋಪಿ. ಅದು ಗೆದ್ದಲು ಮೇಲೇರದಂತೆ ಹೂಡಿದ ಉಪಾಯ. ಕೆಳಗೆ ಗಾಳಿಯಾಡುತ್ತದೆ, ಇಳಿಜಾರಿನಲ್ಲಿ ನೆಲ ಮಟ್ಟ ಮಾಡುವ ಖರ್ಚು ಉಳಿಯುತ್ತದೆ. ಅಗ್ಗದ ಮನೆಗಳಲ್ಲಿ ಗೋಡೆಯೆಂದರೆ ಒಂದೇ ಪದರದ ಹಲಗೆ. ಮೇಲೆ ಸುಕ್ಕುತಗಡಿನ ಮಾಡು, ಮುಂದೆ ಜಗಲಿ. ಬಿಸಿಲು ಮತ್ತು ಬಡತನ ಎರಡಕ್ಕೂ ಏಕಕಾಲಕ್ಕೆ ಕೊಟ್ಟ ಉತ್ತರವಿದು. 1885ರ ಒಂದು ಕಾಯಿದೆ ನಿವೇಶನದ ಕನಿಷ್ಠ ಅಳತೆಯನ್ನು 16 ಪರ್ಚ್, ಅಂದರೆ ಸುಮಾರು 405 ಚದರ ಮೀಟರ್ ಎಂದು ಗೊತ್ತುಪಡಿಸಿದ್ದರಿಂದ, ಇಂಗ್ಲೆಂಡಿನ ಗಿರಣಿ ಊರುಗಳಂತೆ ಇಲ್ಲಿ ಗೋಡೆಗೆ ಗೋಡೆ ತಾಗಿದ ಸಾಲುಮನೆಗಳು ಹಬ್ಬಲಿಲ್ಲ. ಬಡವನ ಮನೆಗೂ ನಾಲ್ಕೂ ಕಡೆ ಗಾಳಿಯಾಡಿತು.

ಇಂಥ ಮನೆ ಮೌನವಾಗಿ ಹೇಳುವ ಮತ್ತೊಂದು ಸಂಗತಿಯೂ ಇದೆ. ಕಾಯಿದೆಯ 'ಕೆಲಸಗಾರ' ಎಂಬ ಪದದ ವ್ಯಾಪ್ತಿ ಎಷ್ಟಿತ್ತು? ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ತೋಟಗಳಲ್ಲಿ ದಶಕಗಳ ಕಾಲ ದುಡಿದವರು ಪೆಸಿಫಿಕ್ ದ್ವೀಪಗಳಿಂದ ಕರೆತಂದ ಜನ. 1901ರ ಕಾಯಿದೆಯ ಬಲದಿಂದ ಅವರಲ್ಲಿ ಬಹುಪಾಲು ಮಂದಿಯನ್ನು ಆ ದಶಕದಲ್ಲೇ ದೇಶದಿಂದ ಹೊರಗಟ್ಟಲಾಯಿತು. ಏಷ್ಯಾದವರಿಗೆ ವಲಸೆಯ ಬಾಗಿಲು ಅದೇ ವರ್ಷ ಮುಚ್ಚಿತು. ಇನ್ನು ನಿವೇಶನಗಳಾಗಿ ಹರಿದು ಹಂಚಿದ ಆ ನೆಲವಾದರೋ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಆದ್ದರಿಂದ ಆ ಜಗಲಿ ಉದಾರತೆಯ ಸಾಕ್ಷಿಯಾಗಿರುವಷ್ಟೇ ಆ ಉದಾರತೆ ಎಲ್ಲಿಗೆ ಬಂದು ನಿಂತಿತೆಂಬುದರ ಸಾಕ್ಷಿಯೂ ಹೌದು. ಪರಂಪರೆಯೆಂದರೆ ಹೆಮ್ಮೆಪಡುವ ವಸ್ತುಗಳ ಪಟ್ಟಿ ಮಾತ್ರವೇ ಆಗಿದ್ದರೆ ಇಂಥ ಮನೆಯ ಅರ್ಧ ಅರ್ಥ ನಮಗೆ ತಪ್ಪಿಹೋಗುತ್ತಿತ್ತು.

ಆಸ್ಟ್ರೇಲಿಯಾದ ಸಂರಕ್ಷಣಾ ತಜ್ಞರು 1979ರಲ್ಲಿ ಬರ್ರಾ ಎಂಬ ಹಳೆಯ ತಾಮ್ರದ ಗಣಿಯೂರಿನಲ್ಲಿ ಅಂಗೀಕರಿಸಿದ ಸನ್ನದು ಈ ವಿಚಾರದಲ್ಲಿ ದಾರಿದೀಪ. ಒಂದು ಸ್ಥಳದ ಬೆಲೆ ಕಟ್ಟುವಾಗ ಸೌಂದರ್ಯದ ಜೊತೆಗೆ ಇತಿಹಾಸ, ವಿಜ್ಞಾನ, ಸಮಾಜ ಇವುಗಳ ದೃಷ್ಟಿಯನ್ನೂ ಸಮನಾಗಿ ಪರಿಗಣಿಸಬೇಕೆಂದು ಅದು ವಿಧಿಸುತ್ತದೆ. ಚೆಲುವಿಲ್ಲದ ಮನೆಗೆ ಪಟ್ಟಿಯೊಳಗೆ ಪ್ರವೇಶ ದೊರೆತದ್ದು ಇಂಥ ಚಿಂತನೆಯಿಂದ. ಹಾಗೆಂದು ಎಲ್ಲವೂ ಸುಸೂತ್ರವೆನ್ನುವಂತಿಲ್ಲ. ನಗರದ ನಡುಭಾಗಕ್ಕೆ ಹತ್ತಿರವಿರುವ ಇಂಥ ಮರದ ಮನೆಗಳು ಇಂದು ಸಿರಿವಂತರ ಸೊತ್ತು. ಕೂಲಿಕಾರನ ಕೈಗೆ ಅವು ಎಟುಕುವುದಿಲ್ಲ. ಮನೆ ಉಳಿಯಿತು, ಮನೆಯ ಉದ್ದೇಶ ಉಳಿಯಲಿಲ್ಲ.

ಈ ಮಾತನ್ನು ನಮ್ಮ ಊರುಗಳ ಕಡೆಗೆ ತಿರುಗಿಸದೆ ಬಿಡುವಂತಿಲ್ಲ. ಮುಂಬಯಿಯ ವರಳಿ, ನಾಯ್‌ಗಾಂವ್, ಶಿವಡಿ ಮುಂತಾದೆಡೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ 1920ರ ದಶಕದಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳೂ ಪ್ರಭುತ್ವವು ದುಡಿಯುವವನಿಗೆ ಬರೆದ ಉತ್ತರವೇ. ಬ್ರಿಸ್ಬೇನಿನ ಕೆಲಸಗಾರನಿಗೆ ನಿವೇಶನ, ಸಾಲ, ಜಗಲಿ ದೊರೆತ ಕಾಲದ ಆಸುಪಾಸಿನಲ್ಲೇ ಇಲ್ಲಿಯವನಿಗೆ ಸಿಕ್ಕಿದ್ದು ಸುಮಾರು 160 ಚದರಡಿಯ ಒಂದು ಕೋಣೆ ಮತ್ತು ಮಹಡಿಗೆಲ್ಲ ಸೇರಿ ಸಾಮೂಹಿಕ ಶೌಚಾಲಯ. ಆ ಎರಡು ಅಳತೆಗಳ ನಡುವಿನ ಅಂತರವನ್ನು ವಸಾಹತುಶಾಹಿಯ ಬಗೆಗಿನ ಎಷ್ಟೋ ಪುಟಗಳಿಗಿಂತ ಸ್ಪಷ್ಟವಾಗಿ ಆ ಗೋಡೆಗಳು ಹೇಳುತ್ತವೆ. ದೆಹಲಿಯಲ್ಲಿ ಸರೋಜಿನಿ ನಗರ, ನೇತಾಜಿ ನಗರ ಮೊದಲಾದ ಏಳು ಸರ್ಕಾರಿ ವಸತಿ ಕಾಲೊನಿಗಳ ಪುನರ್ನಿರ್ಮಾಣಕ್ಕೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಅಲ್ಲಿದ್ದ ಸುಮಾರು 13 ಸಾವಿರ ಮನೆಗಳಲ್ಲಿ ಸ್ವತಂತ್ರ ಭಾರತ ತನ್ನ ಗುಮಾಸ್ತನಿಗೆ ಎಷ್ಟು ಅಂಗಳ ಸಾಕೆಂದು ಲೆಕ್ಕ ಹಾಕಿತ್ತು ಎಂಬುದರ ದಾಖಲೆಯಿತ್ತು. ವೇತನಶ್ರೇಣಿಗೆ ತಕ್ಕ 'ಟೈಪ್' ಮನೆಗಳಲ್ಲಿ ಬಾಳುವ ನನ್ನಂಥ ನೌಕರರಿಗೆ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತು.

ಚಾಳಿನಲ್ಲಿರುವವರು 500 ಚದರಡಿಯ ಮನೆಯನ್ನು, ತಮ್ಮದೇ ಆದ ಶೌಚಾಲಯವನ್ನು ಬಯಸುವುದು ನ್ಯಾಯ. ಪರಂಪರೆಯ ಹೆಸರಿನಲ್ಲಿ ಅವರನ್ನು ನೂರು ವರ್ಷ ಹಳೆಯ ಇಕ್ಕಟ್ಟಿನಲ್ಲೇ ಇರಿಸುವ ಹಕ್ಕು ಯಾರಿಗೂ ಇಲ್ಲ. ಕೇಳಬೇಕಾದದ್ದು ಅಷ್ಟು ದೊಡ್ಡದೇನಲ್ಲ. ನೂರಾರು ಕಟ್ಟಡಗಳಲ್ಲಿ ಒಂದನ್ನು ಅದರ ಮೆಟ್ಟಿಲು, ನಡುವಣ ಓಣಿ, ನಲ್ಲಿಕಟ್ಟೆಗಳ ಸಮೇತ ಉಳಿಸುವುದು. ಉಳಿದವನ್ನು ಕೆಡವುವ ಮುನ್ನ ಅಳತೆಯ ನಕ್ಷೆ ಬರೆದಿಡುವುದು. ಅಲ್ಲಿ ಬಾಳಿದವರ ಮಾತುಗಳನ್ನು ಅವರವರ ಭಾಷೆಯಲ್ಲೇ ದಾಖಲಿಸುವುದು. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿ ಓದಿದ ತಲೆಮಾರು ಮುಂಬಯಿಯಲ್ಲಿ ಎಂಥ ಕೋಣೆಗಳಲ್ಲಿ ತಲೆಯೂರಿತ್ತು ಎಂಬುದನ್ನು ಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಕೋಣೆಯ ಉದ್ದಗಲವನ್ನು ಕೇಳಿ ಬರೆದಿಟ್ಟುಕೊಳ್ಳಲು ಯಾವ ಇಲಾಖೆಯ ಮಂಜೂರಾತಿಯೂ ಬೇಕಿಲ್ಲ.