ಚಾವಣಿ ಹವಾನಿಯಂತ್ರಣ ಘಟಕದ ನಿಯಂತ್ರಣ ತಂತಿಜೋಡಣೆ

ಚಾವಣಿ ಹವಾನಿಯಂತ್ರಣ ಘಟಕದ ನಿಯಂತ್ರಣ ತಂತಿಜೋಡಣೆ ಎಂಬುದು ವಾಣಿಜ್ಯ ಕಟ್ಟಡಗಳ ಚಾವಣಿಯ ಮೇಲೆ ಸ್ಥಾಪಿಸುವ ಹವಾನಿಯಂತ್ರಣ ಯಂತ್ರಕ್ಕೆ ಉಷ್ಣತಾ ಸಂವೇದಕ, ಹೊಗೆ ಶೋಧಕ, ಒತ್ತಡ ಸ್ವಿಚ್, ಡ್ಯಾಂಪರ್ ಮೋಟಾರು ಮೊದಲಾದ ಸಾಧನಗಳನ್ನು ಕಡಿಮೆ ವೋಲ್ಟೇಜಿನ ತಂತಿಗಳ ಮೂಲಕ ಜೋಡಿಸುವ ಕೆಲಸ. ಕಂಪ್ರೆಸರ್, ಫ್ಯಾನು, ಶೀತಕದ ಸುರುಳಿಗಳು ಮತ್ತು ನಿಯಂತ್ರಣ ಫಲಕ ಇವೆಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಇಂತಹ ಘಟಕಗಳು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳ ಅಂಗಡಿ, ಶಾಲೆ, ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ. ಇಲ್ಲಿ ವಿವರಿಸಿರುವುದು ಅಲ್ಲಿನ ಪದ್ಧತಿ. ಮುಖ್ಯ ವಿದ್ಯುತ್ ಜೋಡಣೆಯಲ್ಲಿ ತಪ್ಪಾದರೆ ಯಂತ್ರವು ಸಾಮಾನ್ಯವಾಗಿ ನಿಂತುಬಿಡುತ್ತದೆ. ನಿಯಂತ್ರಣ ತಂತಿಯಲ್ಲಿ ತಪ್ಪಾದರೆ ಅದು ಅನೇಕ ವೇಳೆ ಓಡುತ್ತಲೇ ಇರುತ್ತದೆ. ಆದುದರಿಂದ ಇಂತಹ ದೋಷಗಳು ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿಯಬಹುದು.

ನಿಯಂತ್ರಣ ವಿದ್ಯುತ್ತು

ಘಟಕದ ಮೋಟಾರುಗಳು 208, 230 ಅಥವಾ 460 ವೋಲ್ಟಿನಂತಹ ಹೆಚ್ಚಿನ ವೋಲ್ಟೇಜಿನಲ್ಲಿ ನಡೆಯುತ್ತವೆ. ಒಳಗಿರುವ ಟ್ರಾನ್ಸ್‌ಫಾರ್ಮರ್ ಇದನ್ನು 24 ವೋಲ್ಟ್ ಪರ್ಯಾಯ ವಿದ್ಯುತ್ತಿಗೆ ಇಳಿಸಿ ನಿಯಂತ್ರಣ ಮಂಡಲಕ್ಕೆ ಒದಗಿಸುತ್ತದೆ. ಈ ಮಂಡಲದ ಎರಡು ತುದಿಗಳನ್ನು ‘ಆರ್’ ಮತ್ತು ‘ಸಿ’ ಎಂಬ ಟರ್ಮಿನಲ್‌ಗಳಿಂದ ಗುರುತಿಸಲಾಗುತ್ತದೆ. ಥರ್ಮೋಸ್ಟಾಟ್ ‘ಆರ್’ ಅನ್ನು ‘ವೈ1’ ಜೊತೆ ಕೂಡಿಸಿದಾಗ ತಂಪುಗೊಳಿಸುವಿಕೆಯ ಮೊದಲ ಹಂತ, ‘ಡಬ್ಲ್ಯೂ1’ ಜೊತೆ ಕೂಡಿಸಿದಾಗ ಬಿಸಿಯ ಮೊದಲ ಹಂತ, ‘ಜಿ’ ಜೊತೆ ಕೂಡಿಸಿದಾಗ ಫ್ಯಾನು ಚಾಲನೆಗೊಳ್ಳುತ್ತದೆ. ತಂತಿಗಳ ಬಣ್ಣ ರೂಢಿಯ ವಿಷಯವೇ ಹೊರತು ಖಾತರಿಯಲ್ಲ. ಘಟಕದ ಬಾಗಿಲಿನ ಒಳಬದಿಯಲ್ಲಿ ಅಂಟಿಸಿರುವ ತಂತಿನಕ್ಷೆಯೇ ಪ್ರಮಾಣ.

ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯವನ್ನು ವೋಲ್ಟ್-ಆಂಪಿಯರುಗಳಲ್ಲಿ ಅಳೆಯಲಾಗುತ್ತದೆ. ಹೊಸದಾಗಿ ಸೇರಿಸುವ ಪ್ರತಿಯೊಂದು ಸಾಧನದ ಬೇಡಿಕೆಯನ್ನೂ ಕೂಡಿ ನೋಡಬೇಕಾಗುತ್ತದೆ. ಒಟ್ಟು ಬೇಡಿಕೆ ಸಾಮರ್ಥ್ಯವನ್ನು ಮೀರಿದರೆ ವೋಲ್ಟೇಜು ಕುಸಿದು ಕಾಂಟ್ಯಾಕ್ಟರುಗಳು ಸರಿಯಾಗಿ ಕಚ್ಚಿಕೊಳ್ಳದೆ ಪಟಪಟನೆ ಸದ್ದು ಮಾಡುತ್ತವೆ.

ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹಲವು ಸಾಧನಗಳಿಗೆ ವಿದ್ಯುತ್ ಕೊಡುವಾಗ ‘ಆರ್’ ಮತ್ತು ‘ಸಿ’ ಗಳನ್ನು ಎಲ್ಲ ಸಾಧನಗಳಲ್ಲಿಯೂ ಒಂದೇ ಕ್ರಮದಲ್ಲಿ ಜೋಡಿಸಬೇಕು. ಅರ್ಧತರಂಗ ರೆಕ್ಟಿಫೈಯರ್ ಇರುವ ಸಾಧನಗಳಲ್ಲಿ ವಿದ್ಯುತ್ತಿನ ಮತ್ತು ಸಂಕೇತದ ಸಾಮಾನ್ಯ ತಂತಿ ಒಂದೇ ಆಗಿರುವುದರಿಂದ, ಒಂದರಲ್ಲಿ ಕ್ರಮ ಅದಲುಬದಲಾದರೂ ಶಾರ್ಟ್ ಸರ್ಕ್ಯೂಟ್ ಉಂಟಾಗಿ ಸಾಧನ ಸುಟ್ಟುಹೋಗಬಹುದು.

ಸಂವೇದಕಗಳು

ಸಂವೇದಕಗಳ ಸಂಕೇತಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ತೆರೆದು ಮುಚ್ಚುವ ಸ್ವಿಚ್, ಬದಲಾಗುವ ವಿದ್ಯುತ್ ರೋಧ, ಮತ್ತು 0–10 ವೋಲ್ಟ್ ಅಥವಾ 4–20 ಮಿಲಿಆಂಪಿಯರ್ ಸಂಕೇತ.

ಉಷ್ಣತೆಯನ್ನು ಅಳೆಯಲು ಬಳಸುವ ಸಾಮಾನ್ಯ ಥರ್ಮಿಸ್ಟರಿನ ರೋಧ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10,000 ಓಮ್. ಉಷ್ಣತೆ ಏರಿದಂತೆ ರೋಧ ಇಳಿಯುತ್ತದೆ. ಇದರಲ್ಲಿ ಎರಡನೆಯ ಮತ್ತು ಮೂರನೆಯ ಮಾದರಿಗಳೆಂಬ ಎರಡು ಬಗೆಗಳಿವೆ. 25 ಡಿಗ್ರಿಯಲ್ಲಿ ಇವೆರಡರ ರೋಧ ಒಂದೇ ಆದರೂ 0 ಡಿಗ್ರಿಯಲ್ಲಿ ಕ್ರಮವಾಗಿ ಸುಮಾರು 32,650 ಮತ್ತು 29,490 ಓಮ್ ಆಗಿರುತ್ತದೆ. ನಿಯಂತ್ರಕದಲ್ಲಿ ತಪ್ಪು ಮಾದರಿಯನ್ನು ಆಯ್ದರೆ ಕೋಣೆಯ ಉಷ್ಣತೆಯಲ್ಲಿ ಎಲ್ಲವೂ ಸರಿಯಾಗಿರುವಂತೆ ಕಂಡು, ಹೊರಗೆ ಚಳಿ ಹೆಚ್ಚಿದಾಗ ಮಾತ್ರ ಸುಮಾರು 2 ಡಿಗ್ರಿ ವ್ಯತ್ಯಾಸ ತೋರುತ್ತದೆ.

ಪ್ಲಾಟಿನಂ ಸಂವೇದಕದ ರೋಧ 0 ಡಿಗ್ರಿಯಲ್ಲಿ 1,000 ಓಮ್ ಇದ್ದು, ಪ್ರತಿ ಡಿಗ್ರಿಗೆ ಸುಮಾರು 3.85 ಓಮ್ ಹೆಚ್ಚುತ್ತದೆ. ಇಲ್ಲಿ ತಂತಿಯ ಉದ್ದವೂ ಮುಖ್ಯವಾಗುತ್ತದೆ. ಸುಮಾರು 0.8 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ಎರಡು ತಂತಿಗಳನ್ನು 50 ಮೀಟರ್ ದೂರ ಎಳೆದರೆ, ಹೋಗಿ ಬರುವ ದಾರಿಯ ರೋಧ ಸುಮಾರು 2 ಓಮ್. ಅದೊಂದೇ ಅರ್ಧ ಡಿಗ್ರಿಯ ತಪ್ಪನ್ನು ತರುತ್ತದೆ. ಥರ್ಮಿಸ್ಟರಿನಲ್ಲಿ ಅದೇ 2 ಓಮ್ ನಗಣ್ಯ.

4–20 ಮಿಲಿಆಂಪಿಯರ್ ಸಂಕೇತದಲ್ಲಿ ಅಳತೆಯ ಕನಿಷ್ಠ ಮೌಲ್ಯವೇ 4 ಮಿಲಿಆಂಪಿಯರ್ ಆದ್ದರಿಂದ, ತಂತಿ ತುಂಡಾಗಿ ಪ್ರವಾಹ ಸೊನ್ನೆಗಿಳಿದರೆ ದೋಷವನ್ನು ಕೂಡಲೇ ಗುರುತಿಸಬಹುದು. ಸಂವೇದಕಗಳ ತಂತಿಗಳನ್ನು ಮೋಟಾರಿನ ತಂತಿಗಳಿಂದ ಪ್ರತ್ಯೇಕವಾಗಿ ಒಯ್ಯಲಾಗುತ್ತದೆ. ಲೋಹದ ಹೊದಿಕೆಯುಳ್ಳ ಕೇಬಲ್ ಬಳಸಿದಾಗ ಹೊದಿಕೆಯನ್ನು ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಭೂಮಿಗೆ ಸೇರಿಸಲಾಗುತ್ತದೆ.

ಇಕಾನಮೈಸರ್

ಹೊರಗಿನ ಗಾಳಿ ಸಾಕಷ್ಟು ತಂಪಾಗಿರುವಾಗ ಕಂಪ್ರೆಸರ್ ನಡೆಸದೆ ಆ ಗಾಳಿಯಿಂದಲೇ ಕಟ್ಟಡವನ್ನು ತಂಪುಗೊಳಿಸುವ ವ್ಯವಸ್ಥೆಗೆ ಇಕಾನಮೈಸರ್ ಎನ್ನುತ್ತಾರೆ. ಹೊರಗಾಳಿಯ ಉಷ್ಣತೆಯನ್ನು, ಅಥವಾ ತೇವಾಂಶವನ್ನೂ ಒಳಗೊಂಡ ಎಂಥಾಲ್ಪಿಯನ್ನು ಅಳೆದು, ನಿಯಂತ್ರಕವು ಸಾಮಾನ್ಯವಾಗಿ 2–10 ವೋಲ್ಟ್ ನೇರ ವಿದ್ಯುತ್ ಸಂಕೇತದಿಂದ ಡ್ಯಾಂಪರನ್ನು ತೆರೆಯುತ್ತದೆ. ಇಂಗಾಲದ ಡೈಆಕ್ಸೈಡ್ ಸಂವೇದಕವನ್ನು ಜೋಡಿಸಿದರೆ, ಒಳಗಿರುವ ಜನರ ಸಂಖ್ಯೆಗೆ ಅನುಗುಣವಾಗಿ ತಾಜಾ ಗಾಳಿಯ ಪ್ರಮಾಣವನ್ನು ಬದಲಿಸಬಹುದು. ಸಂವೇದಕ ಕೆಟ್ಟು ಡ್ಯಾಂಪರ್ ಮುಚ್ಚಿಯೇ ಉಳಿದರೂ ಕಂಪ್ರೆಸರ್ ಕೋಣೆಯನ್ನು ತಂಪಾಗಿ ಇಡುತ್ತದೆ. ನಷ್ಟ ಕಾಣುವುದು ವಿದ್ಯುತ್ ಬಿಲ್ಲಿನಲ್ಲಿ ಮತ್ತು ಒಳಗಿನ ಗಾಳಿಯ ಗುಣಮಟ್ಟದಲ್ಲಿ. ಇಂತಹ ದೋಷಗಳನ್ನು ತಾನಾಗಿಯೇ ಪತ್ತೆ ಹಚ್ಚುವ ವ್ಯವಸ್ಥೆ, ಇಕಾನಮೈಸರ್ ಇರುವ ನಿಗದಿತ ಗಾತ್ರದ ಹೊಸ ಘಟಕಗಳಲ್ಲಿ ಇರಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯದ 2013ರ ಕಟ್ಟಡ ಇಂಧನ ನಿಯಮಗಳು ವಿಧಿಸಿದವು.

ಸುರಕ್ಷತಾ ಸಾಧನಗಳು

ಹೊಗೆ ಶೋಧಕ, ನೀರು ತುಂಬಿದಾಗ ಎಚ್ಚರಿಸುವ ತೇಲು ಸ್ವಿಚ್, ಶೀತಕದ ಅಧಿಕ ಒತ್ತಡದ ಸ್ವಿಚ್ ಮೊದಲಾದವುಗಳ ಸಂಪರ್ಕಗಳು ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿರುತ್ತವೆ. ಇವುಗಳನ್ನು ತಾವು ತಡೆಯಬೇಕಾದ ಮಂಡಲಕ್ಕೆ ಸರಣಿಯಲ್ಲಿ ಜೋಡಿಸಲಾಗುತ್ತದೆ. ಅಪಾಯದ ವೇಳೆ ಸಂಪರ್ಕ ತೆರೆದುಕೊಂಡು ಯಂತ್ರ ನಿಲ್ಲುತ್ತದೆ; ತಂತಿ ಕಡಿದುಹೋದರೂ ನಿಲ್ಲುತ್ತದೆ. ಅಮೆರಿಕದ ಎನ್‌ಎಫ್‌ಪಿಎ 90ಎ ಮಾನದಂಡವು ನಿಮಿಷಕ್ಕೆ 2,000 ಘನ ಅಡಿಗಿಂತ ಹೆಚ್ಚು ಗಾಳಿ ಪೂರೈಸುವ ವ್ಯವಸ್ಥೆಗಳಿಗೆ, ಕೆಲವು ವಿನಾಯಿತಿಗಳೊಂದಿಗೆ, ಹೊಗೆ ಶೋಧಕವನ್ನು ವಿಧಿಸುತ್ತದೆ. ನಾಳದಲ್ಲಿನ ಹೊಗೆಯನ್ನು ಗುರುತಿಸಿ ಫ್ಯಾನನ್ನು ನಿಲ್ಲಿಸುವುದು, ಆ ಮೂಲಕ ಹೊಗೆ ಇತರ ಕೋಣೆಗಳಿಗೆ ಹರಡದಂತೆ ತಡೆಯುವುದು ಇದರ ಉದ್ದೇಶ.

ಹೆಚ್ಚುವರಿ ಸಾಧನಗಳಿಗೆಂದು ಮೀಸಲಾದ ಟರ್ಮಿನಲ್‌ಗಳ ನಡುವೆ ಅನೇಕ ಘಟಕಗಳಲ್ಲಿ ಕಾರ್ಖಾನೆಯಲ್ಲಿಯೇ ಒಂದು ತುಂಡು ತಂತಿ ಹಾಕಿರುತ್ತಾರೆ. ಇದಕ್ಕೆ ಜಂಪರ್ ಎಂದು ಹೆಸರು. ಶೋಧಕವನ್ನು ಜೋಡಿಸಿದ ಮೇಲೂ ಜಂಪರನ್ನು ತೆಗೆಯದಿದ್ದರೆ, ಅಥವಾ ದುರಸ್ತಿಯ ವೇಳೆ ತಾತ್ಕಾಲಿಕವಾಗಿ ಹಾಕಿದ ಜಂಪರ್ ಹಾಗೆಯೇ ಉಳಿದರೆ, ಶೋಧಕದ ದೀಪ ಉರಿಯುತ್ತಿದ್ದರೂ ಫ್ಯಾನು ನಿಲ್ಲುವುದಿಲ್ಲ.

ಪರಿಶೀಲನೆ

ತಂತಿಗಳನ್ನು ಮುಟ್ಟುವ ಮೊದಲು ಮುಖ್ಯ ವಿದ್ಯುತ್ತನ್ನು ಕಡಿತಗೊಳಿಸಿ, ಸ್ವಿಚ್ಚಿಗೆ ಬೀಗ ಹಾಕಿ, ವಿದ್ಯುತ್ ಇಲ್ಲವೆಂಬುದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳಲಾಗುತ್ತದೆ. ಥರ್ಮಿಸ್ಟರನ್ನು ಬಿಡಿಸಿ ಅಳೆದಾಗ ರೋಧ ಅನಂತವಾಗಿದ್ದರೆ ತಂತಿ ಕಡಿದಿದೆ, ಸೊನ್ನೆಯಾಗಿದ್ದರೆ ತಂತಿಗಳು ಒಂದಕ್ಕೊಂದು ತಗುಲಿವೆ ಎಂದರ್ಥ. ಅಂತಿಮ ಹಂತದಲ್ಲಿ ಘಟಕವನ್ನು ಚಾಲನೆಗೊಳಿಸಿ, ಸಂವೇದಕಗಳ ಅಳತೆಯನ್ನು ಬೇರೊಂದು ಉಷ್ಣಮಾಪಕದೊಂದಿಗೆ ಹೋಲಿಸಲಾಗುತ್ತದೆ. ಸುರಕ್ಷತಾ ಸಾಧನಗಳನ್ನು ಒಂದೊಂದಾಗಿ ಪ್ರಚೋದಿಸಿ, ಯಂತ್ರವು ನಿಜವಾಗಿಯೂ ನಿಲ್ಲುವುದನ್ನು ಕಣ್ಣಾರೆ ನೋಡಲಾಗುತ್ತದೆ. ಯಂತ್ರ ಓಡುತ್ತಿದೆ ಎಂಬುದು ಜೋಡಣೆ ಸರಿಯಾಗಿದೆ ಎಂಬುದಕ್ಕೆ ಪುರಾವೆಯಲ್ಲ.