ಟ್ರಂಕಿನಲ್ಲಿ ಉಳಿದ ಬಾಲ್ಯ

ಮುಂಬಯಿಗೆ ಬಂದ ನಮ್ಮ ಹಿರಿಯರ ಮನೆಗಳಲ್ಲಿ ತಗಡಿನದೊಂದು ಟ್ರಂಕು ಇದ್ದೇ ಇರುತ್ತಿತ್ತು. ಊರಿನಿಂದ ಹೊತ್ತು ತಂದದ್ದು, ಮಂಚದಡಿ ಸೇರಿದ್ದು. ಮನಸ್ಸು ಮಾಡಿದರೆ ಅದನ್ನು ಹೊತ್ತು ಊರಿಗೆ ಮರಳಬಹುದಿತ್ತು. 1947ರಲ್ಲಿ ಸಿಂಧ್‌ನಿಂದ ಇದೇ ನಗರಕ್ಕೆ ಬಂದವರ ಟ್ರಂಕಿಗೆ ಮರಳುವ ದಾರಿ ಇರಲಿಲ್ಲ.

ಕಲಾವಿದೆ ನಳಿನಿ ಮಲಾನಿ ಹುಟ್ಟಿದ್ದು 1946ರಲ್ಲಿ, ಕರಾಚಿಯಲ್ಲಿ. ದೇಶ ಒಡೆದಾಗ ಹಸುಗೂಸು. ಕುಟುಂಬ ಕಲ್ಕತ್ತೆಗೆ, ಆಮೇಲೆ ಮುಂಬಯಿಗೆ ಬಂತು. ಮುಂದೆ ಇಲ್ಲಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದರು. ವಿಭಜನೆಯನ್ನು ನೆನಪಿಟ್ಟುಕೊಳ್ಳುವ ವಯಸ್ಸು ಅವರದಾಗಿರಲಿಲ್ಲ. ಆದರೂ ಅವರ ಕೆಲಸದಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ದೊಡ್ಡವರ ಮಾತಿನಿಂದ, ಅವರು ಮಾತು ನಿಲ್ಲಿಸಿಬಿಡುವ ರೀತಿಯಿಂದ ಮಕ್ಕಳು ಎಷ್ಟೋ ತಿಳಿಯುತ್ತಾರಲ್ಲವೆ?

1998ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಎರಡೂ ಅಣುಪರೀಕ್ಷೆ ನಡೆಸಿದವು. ಅದೇ ವರ್ಷ ಮಲಾನಿಯವರು 'ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್' ಎಂಬ ವಿಡಿಯೋ ಕೃತಿ ರಚಿಸಿದರು. ಹೆಸರು ಸಾದತ್ ಹಸನ್ ಮಂಟೋ ಅವರ ಕಥೆಯದು. ಅದರಲ್ಲಿ ಹುಚ್ಚಾಸ್ಪತ್ರೆಯ ರೋಗಿಯೊಬ್ಬ ಆ ದೇಶಕ್ಕೂ ಹೋಗದೆ ಈ ದೇಶಕ್ಕೂ ಬರದೆ ಗಡಿಗಳ ನಡುವೆಯೇ ಬಿದ್ದುಬಿಡುತ್ತಾನೆ.

ಕೃತಿಯೆಂದರೆ ಒಂದು ಕತ್ತಲ ಕೋಣೆ. ನೆಲದ ಮೇಲೆ 12 ತಗಡಿನ ಟ್ರಂಕು, ಪ್ರತಿಯೊಂದರೊಳಗೂ ಟಿ.ವಿ. ಪರದೆ, ಪರದೆಯಲ್ಲಿ ನೆಲೆ ತಪ್ಪಿದವರ ಹಳೆಯ ದೃಶ್ಯಗಳು. ಒಂದು ಗೋಡೆಯ ಮೇಲೆ ಬಾಂಬು ಸಿಡಿಯುತ್ತದೆ. ಎದುರುಬದುರಾದ ಇನ್ನೆರಡು ಗೋಡೆಗಳಲ್ಲಿ ಒಬ್ಬೊಬ್ಬ ಹೆಂಗಸು. ನಡುವಿನ ಅಷ್ಟು ದೂರ ದಾಟಿ ಇಬ್ಬರೂ ಸೇರಿ ಒಂದು ಸೀರೆ ಮಡಚಲು ಹೆಣಗುತ್ತಾರೆ. ಆರು ಗಜದ ಸೀರೆ ಮಡಚಲು ಆ ತುದಿ ಹಿಡಿಯುವವರೊಬ್ಬರು ಬೇಕೆಂಬುದನ್ನು ನಮಗ್ಯಾರೂ ವಿವರಿಸಬೇಕಿಲ್ಲ.

ಚಿತ್ರಕಲೆ ಬಲ್ಲವರು ವಿಡಿಯೋ ಹಿಡಿದದ್ದೇಕೆ? ನನಗೆ ತೋಚುವುದಿಷ್ಟು: ಗೋಡೆಯ ಚಿತ್ರ ಇದ್ದಲ್ಲೇ ಇರುತ್ತದೆ, ವಿಡಿಯೋ ಮುಗಿದು ಮತ್ತೆ ಮೊದಲಾಗುತ್ತದೆ. ಬಾಲ್ಯದ ಹೆದರಿಕೆಯೂ ಹಾಗೆಯೇ ಮರಳಿ ಬರುವುದು.

1998ರಲ್ಲಿಯೇ ಊರ್ವಶಿ ಬುಟಾಲಿಯಾ ಅವರ 'ದಿ ಅದರ್ ಸೈಡ್ ಆಫ್ ಸೈಲೆನ್ಸ್' ಪ್ರಕಟವಾಯಿತು. ಹೆಂಗಸರು, ಮಕ್ಕಳು, ದಲಿತರು ಕಂಡ ವಿಭಜನೆ ಅದರಲ್ಲಿದೆ. ಅಪಹರಣಕ್ಕೊಳಗಾದ ಹೆಂಗಸರೇ ಸುಮಾರು 75,000 ಎಂಬ ಅಂದಾಜಿದೆ. ಐವತ್ತು ವರ್ಷ ಮನೆಯೊಳಗೇ ಮುಚ್ಚಿಟ್ಟಿದ್ದ ಮಾತು ಬರಹದಲ್ಲೂ ವಿಡಿಯೋದಲ್ಲೂ ಒಟ್ಟಿಗೇ ಹೊರಬಂದಂತಾಯಿತು. 2005ರ 'ಮದರ್ ಇಂಡಿಯಾ' ಕೃತಿಯಲ್ಲಿ ಮಲಾನಿಯವರು ಈ ಹೆಂಗಸರ ಕಡೆಗೇ ತಿರುಗಿದರು.

ಕಲ್ಯಾಣದ ಪಕ್ಕದ ನಿರಾಶ್ರಿತರ ಶಿಬಿರ 1949ರಲ್ಲಿ ಉಲ್ಹಾಸನಗರವಾಯಿತು. ನಮ್ಮಲ್ಲಿ ಎಷ್ಟೋ ಜನ ಆ ಸ್ಟೇಷನ್ ದಾಟಿಯೇ ಓಡಾಡುತ್ತೇವೆ. ಅಂದು ಐದು ವರ್ಷದ ಮಗುವಾಗಿ ಅಲ್ಲಿಗೆ ಬಂದವರಿಗೆ ಈಗ ಎಂಬತ್ತರ ಆಚೀಚೆ. ಪರಿಚಯವಿದ್ದರೆ ಅವರ ಟ್ರಂಕಿನ ಕಥೆ ಕೇಳಿ ನೋಡಿ.